ಮೊದಲ ಎಲ್‌ಎಫ್‌ಒ: ಅದರ ಕೇಬಲ್ ಎಲ್ಲಿಗೆ ಹೋಗಬೇಕು ಎಂಬಲ್ಲಿಂದ ಶುರು ಮಾಡಿ

ಬಿಡಿ ಬಿಡಿ ಮಾಡ್ಯೂಲುಗಳನ್ನು ಕೇಬಲ್ಲಿನಿಂದ ಬೆಸೆದು ನುಡಿಸುವ ಮಾಡ್ಯುಲರ್ ಸಿಂಥಸೈಸರ್ ಕಟ್ಟುತ್ತಿದ್ದೀರಿ. ಸ್ವರ ಹುಟ್ಟಿಸುವ ವಿಸಿಒ ಬಂತು, ದನಿಯ ಬಣ್ಣ ಸೋಸುವ ಫಿಲ್ಟರ್ ಬಂತು, ದನಿಯ ಮಟ್ಟ ಏರಿಳಿಸುವ ವಿಸಿಎ ಬಂತು. ಪವರ್ ಹಾಕಿದರೆ ದನಿಯೇನೋ ಚೆನ್ನಾಗಿಯೇ ಇದೆ, ಆದರೆ ನಿಂತ ನೀರಿನ ಹಾಗೆ ನಿಂತೇ ಇದೆ. ನಾಬ್ ತಿರುಗಿಸುತ್ತಿರುವಷ್ಟು ಹೊತ್ತು ಅದಕ್ಕೆ ಜೀವ. ಕೈ ತೆಗೆದರೆ ಮತ್ತೆ ಸಪಾಟು. ನಿಮ್ಮ ಪರವಾಗಿ ಆ ನಾಬನ್ನು ಎಡೆಬಿಡದೆ ಆಡಿಸುತ್ತಿರುವ ಕೈಯೇ ಎಲ್‌ಎಫ್‌ಒ, ಅಂದರೆ ಲೋ ಫ್ರೀಕ್ವೆನ್ಸಿ ಆಸಿಲೇಟರ್. ಉಯ್ಯಾಲೆಯಂತೆ ಹೋಗಿ ಬರುವ ಒಂದು ವೋಲ್ಟೇಜ್ ಅದು. ಸಾಮಾನ್ಯವಾಗಿ ಸೆಕೆಂಡಿಗೆ 20 ಸುತ್ತಿಗಿಂತ ನಿಧಾನವಾಗಿ ತೂಗುವುದರಿಂದ ಅದೇ ಸ್ವರವಾಗಿ ಕಿವಿಗೆ ಬೀಳುವುದಿಲ್ಲ, ಬೇರೊಂದು ಮಾಡ್ಯೂಲಿನ ಮೇಲೆ ಅದು ಮಾಡುವ ಕೆಲಸ ಕೇಳಿಸುತ್ತದೆ.

ಇಲ್ಲಿನ ಮಾತೆಲ್ಲ ಯೂರೋರ‍್ಯಾಕ್ ಅಳತೆಯ ಮಾಡ್ಯೂಲುಗಳದ್ದು. ಜರ್ಮನಿಯ ಡೋಪ್‌ಫರ್ ಕಂಪನಿ 1990ರ ದಶಕದ ನಡುವಿನಲ್ಲಿ ಎ-100 ಸಾಲನ್ನು ಹೊರತಂದ ಮೇಲೆ ನೆಲೆಗೊಂಡ ಅಳತೆ ಇದು: ಪ್ಯಾನೆಲ್ಲಿನ ಎತ್ತರ 128.5 ಮಿ.ಮೀ., ಅಗಲದ ಲೆಕ್ಕ ಎಚ್‌ಪಿಯಲ್ಲಿ, ಒಂದು ಎಚ್‌ಪಿಗೆ 5.08 ಮಿ.ಮೀ. ಈಗ ಇದರಲ್ಲಿ ಒಂದೇ ನಾಬಿನ ಎಲ್‌ಎಫ್‌ಒದಿಂದ ಹಿಡಿದು ಪರದೆ ಹೊತ್ತ ಪುಟ್ಟ ಕಂಪ್ಯೂಟರಿನವರೆಗೆ ಎಲ್ಲವೂ ಸಿಗುತ್ತದೆ. ಗೊಂದಲ ಹುಟ್ಟುವುದೇ ಅಲ್ಲಿ.

ಮೊದಲು ಮನೆಯಲ್ಲೇ ಹುಡುಕಿ

ನಿಮ್ಮಲ್ಲಿ ಈಗಾಗಲೇ ಒಂದು ಎಲ್‌ಎಫ್‌ಒ ಇರಬಹುದು. ಮೂಗ್ ಮದರ್-32 ಎಂಬ ಸಿಂಥಸೈಸರ್ ಇದ್ದರೆ ಅದರ ಪ್ಯಾಚ್‌ಬೇಯಲ್ಲಿ ಟ್ರಯಾಂಗಲ್ (ತ್ರಿಕೋನದಂತೆ ಏರಿಳಿಯುವ), ಸ್ಕ್ವೇರ್ (ಮೇಲೆ ಕೆಳಗೆ ಥಟ್ಟನೆ ನೆಗೆಯುವ) ಎರಡೂ ಎಲ್‌ಎಫ್‌ಒ ಔಟ್‌ಪುಟ್ ಇವೆ. ಒಂದು ಸಲ ಏರಿ ಇಳಿದು ಮುಗಿಯುವ ವೋಲ್ಟೇಜ್ ಕೊಡುವ ಎನ್ವಲಪ್ ಮಾಡ್ಯೂಲಿನಲ್ಲಿ ಲೂಪ್ ಅಥವಾ ಸೈಕಲ್ ಎಂಬ ಸ್ವಿಚ್ ಇದ್ದರೆ ಅದನ್ನು ಒತ್ತಿ; ಮುಗಿದ ಕೂಡಲೇ ಮತ್ತೆ ಶುರುವಾಗುವ ಎನ್ವಲಪ್ ಎಲ್‌ಎಫ್‌ಒವೇ ತಾನೆ. ಕೆಲವು ವಿಸಿಒಗಳಲ್ಲಿ ‘ಲೋ’ ರೇಂಜಿನ ಸ್ವಿಚ್ ಇರುತ್ತದೆ, ಅದೂ ಸಾಕು.

ಏನೂ ಇಲ್ಲದಿದ್ದರೆ ವಿಸಿವಿ ರ‍್ಯಾಕ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು ಒಂದು ವಾರ ಆಡಿ ನೋಡಿ. ಬೆಫಾಕೊ ರ‍್ಯಾಂಪೇಜ್, ಟೈಡ್ಸ್ ಮುಂತಾದ ನಿಜವಾದ ಮಾಡ್ಯೂಲುಗಳ ನಕಲುಗಳೇ ಅದರಲ್ಲಿ ಉಚಿತವಾಗಿ ಸಿಗುತ್ತವೆ. ಒಂದು ಕಾಗದ ಪಕ್ಕದಲ್ಲಿಟ್ಟುಕೊಂಡು, ಎಲ್‌ಎಫ್‌ಒದ ಕೇಬಲ್ ಪ್ರತಿ ಸಲ ಎಲ್ಲಿಗೆ ಹೋಯಿತು ಎಂದು ಗೆರೆ ಹಾಕುತ್ತಾ ಬನ್ನಿ: ಸ್ವರಕ್ಕೆ, ಫಿಲ್ಟರಿಗೆ, ವಿಸಿಎಗೆ, ಲಯದ ಮಿಡಿತ ತೆಗೆದುಕೊಳ್ಳುವ ಕ್ಲಾಕ್ ಇನ್‌ಪುಟ್ಟಿಗೆ. ವಾರದ ಕೊನೆಗೆ ಯಾವ ಸಾಲಿನಲ್ಲಿ ಗೆರೆ ಹೆಚ್ಚಿದೆಯೋ ಅದೇ ನಿಮಗೆ ಮಾಡ್ಯೂಲ್ ಆರಿಸಿಕೊಡುತ್ತದೆ.

ಯಾವ ಕಲ್ಲಿಟ್ಟು ತೂಗಬೇಕು

ಎಲ್ಲಕ್ಕಿಂತ ಮುಖ್ಯವಾದದ್ದು, ಕೊಳ್ಳುವಾಗ ಹೆಚ್ಚಿನವರು ನೋಡದೆ ಬಿಡುವುದು, ವೋಲ್ಟೇಜಿನ ಅಳತೆ. ಸಾದಾ ಎಲ್‌ಎಫ್‌ಒ ಸಾಮಾನ್ಯವಾಗಿ ಮೈನಸ್ 5 ವೋಲ್ಟಿನಿಂದ ಪ್ಲಸ್ 5 ವೋಲ್ಟಿನವರೆಗೆ ತೂಗುತ್ತದೆ. ಇದನ್ನು ಬೈಪೋಲಾರ್ ಎನ್ನುತ್ತಾರೆ. ಇನ್ನು ಕೆಲವು 0ಯಿಂದ 5ರವರೆಗೆ, ಅಥವಾ 0ಯಿಂದ 8ರವರೆಗೆ ಮಾತ್ರ ಹೋಗುತ್ತವೆ, ಅವು ಯೂನಿಪೋಲಾರ್. ಎರಡರಲ್ಲಿ ಒಂದು ಮೇಲು, ಒಂದು ಕೀಳು ಎಂದಿಲ್ಲ. ಯಾವುದಕ್ಕೆ ಚುಚ್ಚುತ್ತೀರಿ ಎನ್ನುವುದೇ ಮುಖ್ಯ.

ಸ್ವರವನ್ನು ಅಲುಗಿಸುವ ವೈಬ್ರಾಟೊವನ್ನೇ ತೆಗೆದುಕೊಳ್ಳಿ. ಯೂರೋರ‍್ಯಾಕಿನಲ್ಲಿ ಒಂದು ವೋಲ್ಟ್ ಎಂದರೆ ಒಂದು ಸ್ಥಾಯಿ. ಹನ್ನೆರಡು ಸ್ವರಸ್ಥಾನಗಳಿಗೆ ಹಂಚಿದರೆ ಒಂದಕ್ಕೆ 83.3 ಮಿಲಿವೋಲ್ಟ್. ಹಿತವಾದ ವೈಬ್ರಾಟೊಗೆ ಮೇಲೆ ಅರ್ಧ, ಕೆಳಗೆ ಅರ್ಧ ಸ್ವರಸ್ಥಾನ ಸಾಕು, ಅಂದರೆ ಆಚೀಚೆ ಸುಮಾರು 42 ಮಿಲಿವೋಲ್ಟ್. ನಿಮ್ಮ ಎಲ್‌ಎಫ್‌ಒ ಕೊಡುತ್ತಿರುವುದು ಆಚೀಚೆ 5,000 ಮಿಲಿವೋಲ್ಟ್! ಹಾಗೇ ಚುಚ್ಚಿದರೆ ಸ್ವರ ಹತ್ತು ಸ್ಥಾಯಿ ಹತ್ತಿಳಿದು ಆಂಬುಲೆನ್ಸಿನ ಸೈರನ್ನೇ ಆಗುತ್ತದೆ. ಅದನ್ನು 120ರಲ್ಲಿ ಒಂದು ಪಾಲಿಗೆ ತಗ್ಗಿಸಬೇಕು. ಸಾದಾ ನಾಬ್ ತಿರುಗುವುದು ಸುಮಾರು 300 ಡಿಗ್ರಿ. ಅದರಲ್ಲಿ 120ನೇ ಪಾಲು ಎಂದರೆ ಎರಡೂವರೆ ಡಿಗ್ರಿ. ಬೆರಳು ನಡುಗಿದರೆ ತಪ್ಪಿಹೋಗುವಷ್ಟು. ಅದಕ್ಕೇ ಎರಡು ಹಂತದಲ್ಲಿ ತಗ್ಗಿಸುವುದು ವಾಡಿಕೆ: ಮೊದಲು ವೋಲ್ಟೇಜ್ ತಗ್ಗಿಸುವ ನಾಬಾದ ಅಟೆನ್ಯುಯೇಟರಿನಲ್ಲಿ ಹತ್ತರಲ್ಲೊಂದು ಪಾಲಿಗೆ, ಆಮೇಲೆ ವಿಸಿಒದಲ್ಲಿ ಸ್ವರ ಅಲುಗಿಸಲೆಂದೇ ಇರುವ ಎಫ್‌ಎಂ ಇನ್‌ಪುಟ್ಟಿನ ನಾಬಿನಲ್ಲಿ ಉಳಿದದ್ದು. ಒಂದು ವೋಲ್ಟ್‌ಗೆ ಒಂದು ಸ್ಥಾಯಿ ಎಂಬ ಇನ್‌ಪುಟ್ಟಿಗೆ ನಾಬ್ ಇರುವುದಿಲ್ಲ, ಅಲ್ಲಿಗೆ ನೇರವಾಗಿ ಎಲ್‌ಎಫ್‌ಒ ಚುಚ್ಚಬೇಡಿ.

ವಿಸಿಎ ಕಥೆ ಬೇರೆ. ಅದು ತೆರೆಯುವುದು 0ಯಿಂದ ಮೇಲಿನ ವೋಲ್ಟೇಜಿಗೆ. ಬೈಪೋಲಾರ್ ಎಲ್‌ಎಫ್‌ಒ ಸುತ್ತಿನ ಅರ್ಧ ಹೊತ್ತು ಮೈನಸ್ಸಿನಲ್ಲಿರುವುದರಿಂದ ಅಷ್ಟೂ ಹೊತ್ತು ದನಿ ಬಂದ್. ‘ಟ್ರೆಮೊಲೊ ಹಾಕಿದರೆ ಸದ್ದು ಕಡಿದು ಕಡಿದು ಬರುತ್ತದೆ’ ಎಂಬ ದೂರಿನ ಮೂಲ ಇದೇ (ಟ್ರೆಮೊಲೊ ಎಂದರೆ ದನಿಯ ಮಟ್ಟದ ಏರಿಳಿತ). ಅಲೆಯನ್ನು ಅರ್ಧಕ್ಕೆ ಇಳಿಸಿ, 2.5 ವೋಲ್ಟ್ ಆಫ್‌ಸೆಟ್, ಅಂದರೆ ಅಲುಗದ ಸ್ಥಿರ ವೋಲ್ಟೇಜ್, ಕೂಡಿಸಿದರೆ 0ಯಿಂದ 5ಕ್ಕೆ ಸರಿಹೊಂದುತ್ತದೆ. ತಿರುಗಾಮುರುಗಾ ತೊಂದರೆಯೂ ಇದೆ: ಯೂನಿಪೋಲಾರ್ ಅಲೆಯನ್ನು ಸ್ವರಕ್ಕೆ ಕೊಟ್ಟರೆ ಸ್ವರ ಮೇಲಕ್ಕಷ್ಟೇ ಅಲುಗುತ್ತದೆ, ಶ್ರುತಿ ಏರಿದಂತೆ ಕೇಳಿಸುತ್ತದೆ. ಆಗ ಅಲುಗಾಟದ ಅರ್ಧದಷ್ಟು ವಿಸಿಒ ಟ್ಯೂನಿಂಗನ್ನು ಇಳಿಸಬೇಕು.

ಆದ್ದರಿಂದ ಅಟೆನ್ಯುಯೇಟರ್ ಇಲ್ಲದ ಎಲ್‌ಎಫ್‌ಒ ಅರ್ಧ ಎಲ್‌ಎಫ್‌ಒ. ಮಾಡ್ಯೂಲಿನ ಬೆಲೆ ಹೋಲಿಸುವಾಗ ತಗ್ಗಿಸುವ, ತಿರುವುಹಾಕುವ (ಪ್ಲಸ್ಸನ್ನು ಮೈನಸ್ ಮಾಡುವ), ಆಫ್‌ಸೆಟ್ ಕೂಡಿಸುವ ಸೌಲಭ್ಯ ಅದರಲ್ಲೇ ಇದೆಯೇ ನೋಡಿ. ಇಲ್ಲದಿದ್ದರೆ ಡೋಪ್‌ಫರ್ ಎ-183-2 ಅಥವಾ ಹ್ಯಾಪಿ ನರ್ಡಿಂಗ್ 3ಎಕ್ಸ್‌ಎಂಐಎ ತರಹದ ಒಂದರ ಬೆಲೆಯನ್ನೂ ಜಾಗವನ್ನೂ ಲೆಕ್ಕಕ್ಕೆ ಸೇರಿಸಿ.

ಎರಡನೆಯದು ವೇಗ. ವೈಬ್ರಾಟೊಗೆ ಸೆಕೆಂಡಿಗೆ 5–6 ಸುತ್ತು ಬೇಕು. ಫಿಲ್ಟರ್ ಉಸಿರಾಡಿದಂತೆ ತೆರೆದು ಮುಚ್ಚಲು ಒಂದು ಸುತ್ತಿಗೆ 4ರಿಂದ 10 ಸೆಕೆಂಡ್. ಹತ್ತು ನಿಮಿಷದ ಆಂಬಿಯೆಂಟ್ ತುಣುಕಿನಲ್ಲಿ ಬಣ್ಣ ಮೆಲ್ಲಗೆ ಬದಲಾಗಬೇಕೆಂದರೆ 0.01 ಹರ್ಟ್ಸ್, ಅಂದರೆ 100 ಸೆಕೆಂಡಿಗೊಂದು ಸುತ್ತಾದರೂ ಸಿಗಬೇಕು. ಕಂಪನಿಗಳು ಎಷ್ಟು ವೇಗ ಹೋಗುತ್ತದೆ ಎಂದು ದೊಡ್ಡದಾಗಿ ಹೇಳಿಕೊಳ್ಳುತ್ತವೆ. ಎಷ್ಟು ನಿಧಾನ ಹೋಗುತ್ತದೆ ಎನ್ನುವುದನ್ನೂ ಮ್ಯಾನ್ಯುಯಲ್ಲಿನಲ್ಲಿ ಹುಡುಕಿ ನೋಡಿ.

ಮೂರನೆಯದು ತಾಳಕ್ಕೆ ಕೂಡಬೇಕೇ ಎಂಬುದು. 120 ಬಿಪಿಎಂನಲ್ಲಿ (ನಿಮಿಷಕ್ಕೆ 120 ಬಡಿತ) ಒಂದು ಅಕ್ಷರ ಅರ್ಧ ಸೆಕೆಂಡ್. ಎಂಟು ಅಕ್ಷರದ ಆದಿತಾಳದ ಒಂದು ಆವರ್ತ 4 ಸೆಕೆಂಡ್, ಏಳರ ಮಿಶ್ರಚಾಪು 3.5 ಸೆಕೆಂಡ್. ನಾಬನ್ನು ಕಿವಿಯ ಅಂದಾಜಿನಲ್ಲಿ 4 ಸೆಕೆಂಡಿಗೆ ನಿಲ್ಲಿಸಿದಿರಿ ಅನ್ನಿ, ಶೇಕಡಾ 1ರಷ್ಟು ಆಚೀಚೆ ಆಗಿಯೇ ಆಗುತ್ತದೆ. ಆವರ್ತಕ್ಕೆ 40 ಮಿಲಿಸೆಕೆಂಡ್ ಜಾರುತ್ತಾ ಹೋಗಿ 25ನೇ ಆವರ್ತದ ಹೊತ್ತಿಗೆ, ಎರಡು ನಿಮಿಷವೂ ಆಗುವ ಮುಂಚೆ, ಪೂರ್ತಿ ಎರಡು ಅಕ್ಷರ ತಪ್ಪಿರುತ್ತದೆ. ಆಂಬಿಯೆಂಟ್ ಮಾಡುವವರಿಗೆ ಈ ಜಾರುವಿಕೆಯೇ ಸೊಗಸು. ಲಯ ಗಟ್ಟಿಯಾಗಿರಬೇಕಾದ ಸಂಗೀತಕ್ಕೆ ಅದೇ ಕಿರಿಕಿರಿ.

ಇಲ್ಲಿ ‘ರೀಸೆಟ್’ ಮತ್ತು ‘ಸಿಂಕ್’ ಎಂಬ ಎರಡು ಪದ ಬರುತ್ತವೆ, ಒಂದೇ ಎಂದುಕೊಳ್ಳಬೇಡಿ. ರೀಸೆಟ್ ಎಂದರೆ ಅಲೆ ಎಲ್ಲೇ ಇದ್ದರೂ ಅದನ್ನು ಹಿಡಿದೆಳೆದು ಸಮಕ್ಕೆ ತಂದು ನಿಲ್ಲಿಸುವುದು. ವೇಗ ಹಾಗೇ ಉಳಿಯುತ್ತದೆ. ವೇಗ ಸರಿಯಿಲ್ಲದಿದ್ದರೆ ಪ್ರತಿ ಸಮದಲ್ಲೂ ವೋಲ್ಟೇಜ್ ನೆಗೆಯುತ್ತದೆ, ವಿಸಿಎಯಲ್ಲಿ ಅದು ‘ಟಕ್’ ಎಂದು ಕೇಳಿಸುತ್ತದೆ. ಸಿಂಕ್ ಅಥವಾ ಕ್ಲಾಕ್ ಎಂದರೆ ಹೊರಗಿನ ಲಯವನ್ನು ಅಳೆದು ತನ್ನ ವೇಗವನ್ನೇ ಅದಕ್ಕೆ ಹೊಂದಿಸಿಕೊಳ್ಳುವುದು. ಸಾದಾ ಅನಲಾಗ್ ಎಲ್‌ಎಫ್‌ಒಗಳಲ್ಲಿ ಸಾಮಾನ್ಯವಾಗಿ ಸಿಗುವುದು ರೀಸೆಟ್ ಮಾತ್ರ.

ಉಳಿದವನ್ನು ಬೇಗ ಹೇಳಬಹುದು. ಎಷ್ಟು ಅಲೆ ಒಟ್ಟಿಗೆ ಬೇಕು, ಅವು ಒಂದಕ್ಕೊಂದು ಸಂಬಂಧವಿರಬೇಕೇ ಅಥವಾ ಬಿಡಿ ಬಿಡಿಯಾಗಿ ಓಡಬೇಕೇ? ವೇಗವನ್ನು ಇನ್ನೊಂದು ವೋಲ್ಟೇಜಿನಿಂದ ಬದಲಿಸಬೇಕೇ? ಕೇಸಿನಲ್ಲಿ ಜಾಗ ಎಷ್ಟಿದೆ, ಆಳ ಎಷ್ಟಿದೆ? ಪವರ್ ಸಪ್ಲೈ ಪ್ಲಸ್ 12, ಮೈನಸ್ 12 ಎರಡೂ ಕಡೆ ಎಷ್ಟು ಮಿಲಿಆಂಪ್ ಕೊಡುತ್ತದೆ? ಎಲ್ಲ ಮಾಡ್ಯೂಲುಗಳನ್ನೂ ಕೂಡಿಸಿದ ಮೇಲೆ ಕಾಲು ಭಾಗದಷ್ಟಾದರೂ ಮಿಕ್ಕಿರಲಿ.

ಡೋಪ್‌ಫರ್ ಎ-145-1: ಒಂದೇ ಅಲೆ, ಐದು ಆಕಾರ

8 ಎಚ್‌ಪಿ. ಒಂದು ವೇಗದ ನಾಬ್, ಮೂರು ರೇಂಜಿನ ಒಂದು ಸ್ವಿಚ್, ಒಂದು ರೀಸೆಟ್ ಇನ್‌ಪುಟ್. ಏರುವ ಸಾಟೂತ್ (ಗರಗಸದ ಹಲ್ಲಿನ ಆಕಾರ), ಇಳಿಯುವ ಸಾಟೂತ್, ಟ್ರಯಾಂಗಲ್, ಸೈನ್, ಸ್ಕ್ವೇರ್ ಐದೂ ಏಕಕಾಲಕ್ಕೆ ಬೇರೆ ಬೇರೆ ಜ್ಯಾಕಿನಲ್ಲಿ ಬರುತ್ತವೆ. ತೀರ ನಿಧಾನದ ರೇಂಜಿನಿಂದ ಕಿವಿಗೆ ಕೇಳುವ ದನಿಯವರೆಗೆ ವೇಗ ಸಿಗುತ್ತದೆ. ಬೆಲೆ ಕೆಳಗೆ ಬರುವ ದೊಡ್ಡ ಮಾಡ್ಯೂಲುಗಳ ನಾಲ್ಕನೇ ಒಂದು ಪಾಲಿನ ಆಸುಪಾಸು.

ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಒಂದೇ ವೇಗದ ಅಲೆಯನ್ನು ಟ್ರಯಾಂಗಲ್ಲಿನಿಂದ ತೆಗೆದು ಸಾಟೂತಿಗೆ ಚುಚ್ಚಿದಾಗ ಫಿಲ್ಟರ್ ಹೇಗೆ ಬೇರೆಯಾಗಿ ನಡೆದುಕೊಳ್ಳುತ್ತದೆ ಎಂಬುದು ಒಂದೇ ಸಂಜೆಯಲ್ಲಿ ಕಿವಿಗೆ ಕೂತುಬಿಡುತ್ತದೆ. ಕೊರತೆ ಎರಡು. ವೇಗವನ್ನು ವೋಲ್ಟೇಜಿನಿಂದ ಬದಲಿಸಲಾಗುವುದಿಲ್ಲ, ಅಟೆನ್ಯುಯೇಟರ್ ಇಲ್ಲ. ಐದು ಜ್ಯಾಕ್ ಇದ್ದರೂ ಚಲನೆ ಒಂದೇ ಎಂಬುದನ್ನೂ ಮರೆಯಬೇಡಿ: ಸ್ವರ, ಫಿಲ್ಟರ್, ವಿಸಿಎ ಮೂರಕ್ಕೂ ಇದರಿಂದಲೇ ಕೊಟ್ಟರೆ ಮೂರೂ ಒಟ್ಟಿಗೆ ಏರಿ ಒಟ್ಟಿಗೆ ಇಳಿದು, ಸ್ವಲ್ಪ ಹೊತ್ತಿಗೆ ಬೇಸರ ಹಿಡಿಸುತ್ತದೆ.

ಅದೇ 8 ಎಚ್‌ಪಿಯಲ್ಲಿ ಅದೇ ಕಂಪನಿಯ ಎ-143-3 ನಾಲ್ಕು ಬಿಡಿ ಎಲ್‌ಎಫ್‌ಒಗಳನ್ನು ಕೊಡುತ್ತದೆ. ಸೈನ್ ಇಲ್ಲ, ಟ್ರಯಾಂಗಲ್, ಸಾಟೂತ್, ಸ್ಕ್ವೇರ್ ಇವೆ. ಜಾಗವೂ ಹಣವೂ ಕಡಿಮೆ ಇದ್ದು ಹೆಚ್ಚು ಚಲನೆ ಬೇಕೆನ್ನುವವರಿಗೆ ಇದು ಎ-145-1ಕ್ಕಿಂತ ಲಾಭದ್ದು. ಟ್ರಯಾಂಗಲ್ಲಿಗೂ ಸೈನಿಗೂ ಇರುವ ವ್ಯತ್ಯಾಸ ನಿಧಾನದ ಫಿಲ್ಟರ್ ಚಲನೆಯಲ್ಲಿ ಬಹುಪಾಲು ಕೇಳಿಸುವುದಿಲ್ಲ.

ಶಾಕ್ ಬಟೂಮಿ: ನಾಲ್ಕು ಅಲೆಗಳ ನಡುವಿನ ನಂಟು

ಪೋಲೆಂಡಿನ ಶಾಕ್ ಡಿವೈಸಸ್ ಮಾಡಿದ ಬಟೂಮಿ 10 ಎಚ್‌ಪಿಯಲ್ಲಿ ನಾಲ್ಕು ಎಲ್‌ಎಫ್‌ಒ ಇಟ್ಟುಕೊಂಡಿದೆ. ಪ್ರತಿಯೊಂದಕ್ಕೂ ಒಂದು ಸ್ಲೈಡರ್, ವೇಗಕ್ಕೆ ಸಿವಿ (ಕಂಟ್ರೋಲ್ ವೋಲ್ಟೇಜ್) ಇನ್‌ಪುಟ್, ರೀಸೆಟ್ ಅಥವಾ ಸಿಂಕಿಗೆ ಇನ್ನೊಂದು, ಸೈನ್, ಸ್ಕ್ವೇರ್, ನೀವೇ ಆರಿಸುವ ಮೂರನೇ ಆಕಾರ. ನಾಲ್ಕೂ ತಮ್ಮ ಪಾಡಿಗೆ ಓಡಬಹುದು. ಆದರೆ ಇದನ್ನು ಕೊಳ್ಳಬೇಕಾದ್ದು ಉಳಿದ ಮೂರು ಮೋಡ್‌ಗಳಿಗಾಗಿ.

ಕ್ವಾಡ್ರೇಚರಿನಲ್ಲಿ ನಾಲ್ಕು ಅಲೆಗಳು ಒಂದೇ ವೇಗದಲ್ಲಿ, ಒಂದಕ್ಕಿಂತ ಒಂದು ಕಾಲು ಸುತ್ತು ಹಿಂದೆ ಓಡುತ್ತವೆ. ನಾಲ್ಕು ದನಿಗಳನ್ನು ನಾಲ್ಕು ವಿಸಿಎಗೆ ಕೊಟ್ಟು ಇವುಗಳಿಂದ ಆಡಿಸಿದರೆ ಒಂದು ದನಿ ಮುಂದೆ ಬರುವಾಗ ಇನ್ನೊಂದು ಹಿಂದೆ ಸರಿಯುತ್ತಾ, ರಾಟೆಯ ಬುಟ್ಟಿಗಳ ಹಾಗೆ ಸರದಿ ಮೇಲೆ ಸರದಿ ಬರುತ್ತದೆ. ಫೇಸ್ ಮೋಡಿನಲ್ಲಿ ಆ ಅಂತರವನ್ನು ಸ್ಲೈಡರಿನಿಂದ ನೀವೇ ಇಡಬಹುದು. ಡಿವೈಡಿನಲ್ಲಿ ಮೊದಲನೆಯದರ ವೇಗವನ್ನು ಭಾಗಿಸಿಕೊಂಡು ಉಳಿದವು ನಡೆಯುತ್ತವೆ.

ಸ್ಲೈಡರುಗಳು ಇರುವುದೇ ಇದರ ದೊಡ್ಡ ಅನುಕೂಲ. ದೂರದಿಂದ ನೋಡಿದರೂ ಯಾವುದು ವೇಗ, ಯಾವುದು ನಿಧಾನ ಎಂದು ತಿಳಿಯುತ್ತದೆ. ಮೆನು ಹೊಕ್ಕು ಹುಡುಕುವ ಕೆಲಸವಿಲ್ಲ. ಅನನುಕೂಲವೂ ಇದೆ: ಮೊದಲ ಆವೃತ್ತಿಯಲ್ಲಿ ಮೂರನೇ ಆಕಾರ ಮತ್ತಿತರ ಆಯ್ಕೆಗಳು ಬೋರ್ಡಿನ ಹಿಂಭಾಗದ ಜಂಪರುಗಳಲ್ಲಿವೆ. ಬದಲಿಸಬೇಕೆಂದರೆ ಮಾಡ್ಯೂಲನ್ನು ಕೇಸಿನಿಂದ ಬಿಚ್ಚಬೇಕು, ಇಲ್ಲವೇ 3 ಎಚ್‌ಪಿಯ ಪೋಟಿ ಎಂಬ ಸೇರ್ಪಡೆ ಕೊಳ್ಳಬೇಕು. ಎರಡನೇ ಆವೃತ್ತಿಯೂ ಬಂದಿದೆ, ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಯಾವುದು ಎಂದು ಖಚಿತ ಮಾಡಿಕೊಳ್ಳಿ. ಅಟೆನ್ಯುಯೇಟರ್ ಇದರಲ್ಲೂ ಇಲ್ಲ. ನಾಲ್ಕು ಅಲೆ ಎಂದರೆ ತಗ್ಗಿಸುವ ನಾಲ್ಕು ನಾಬ್ ಬೇಕು ಎಂಬ ಖರ್ಚು ಮುಂಚೆಯೇ ಗೊತ್ತಿರಲಿ.

ಮೇಕ್ ನಾಯ್ಸ್ ಮ್ಯಾಥ್ಸ್: ಎಲ್‌ಎಫ್‌ಒ ಎಂದು ಹೆಸರಿಲ್ಲದ ಎಲ್‌ಎಫ್‌ಒ

ಅಮೆರಿಕದ ನಾರ್ತ್ ಕೆರೊಲಿನಾದಿಂದ ಬರುವ ಈ 20 ಎಚ್‌ಪಿಯ ಮಾಡ್ಯೂಲನ್ನು ‘ಮೊದಲು ಇದನ್ನೇ ತಗೊಳ್ಳಿ’ ಎಂದು ಎಲ್ಲರೂ ಹೇಳುತ್ತಾರೆ. ಮಾತಿನಲ್ಲಿ ಹುರುಳಿದೆ, ಆದರೆ ಎಲ್ಲರಿಗೂ ಒಪ್ಪುವ ಮಾತಲ್ಲ. 1 ಮತ್ತು 4ನೇ ಚಾನೆಲ್ಲುಗಳು ಏರುವ ಹೊತ್ತು, ಇಳಿಯುವ ಹೊತ್ತು ಎರಡನ್ನೂ ಬೇರೆ ಬೇರೆಯಾಗಿ ಇಡಬಲ್ಲ ಫಂಕ್ಷನ್ ಜನರೇಟರುಗಳು. ಸೈಕಲ್ ಬಟನ್ ಒತ್ತಿದರೆ ಎಲ್‌ಎಫ್‌ಒ, ಬಿಟ್ಟರೆ ಎನ್ವಲಪ್. ನಡುವಿನ 2 ಮತ್ತು 3 ತಗ್ಗಿಸುವ, ತಿರುವುಹಾಕುವ ಅಟೆನ್ಯುವರ್ಟರುಗಳು. ಏನೂ ಚುಚ್ಚದಿದ್ದರೆ ಆಫ್‌ಸೆಟ್ ಕೊಡುತ್ತವೆ, 2ರಲ್ಲಿ 10 ವೋಲ್ಟಿನವರೆಗೆ, 3ರಲ್ಲಿ 5 ವೋಲ್ಟಿನವರೆಗೆ, ಎರಡೂ ದಿಕ್ಕಿಗೆ. ಮೇಲೆ ಹೇಳಿದ ಅರ್ಧ ಎಲ್‌ಎಫ್‌ಒದ ಕೊರತೆ ಇಲ್ಲಿ ಇಲ್ಲ.

ಸೈಕಲ್ಲಿನಲ್ಲಿ ಇದು ಕೊಡುವುದು 0ಯಿಂದ 8 ವೋಲ್ಟ್. ಬೈಪೋಲಾರ್ ಬೇಕೆಂದರೆ ಹೀಗೆ ಮಾಡಿ. 1ನೇ ಚಾನೆಲ್ಲಿನ ಸೈಕಲ್ ಒತ್ತಿ, ಏರಿಕೆ ಇಳಿಕೆ ಎರಡೂ ನಡುವಿನಲ್ಲಿ, ಆಕಾರದ ನಾಬ್ ಲೀನಿಯರಿನಲ್ಲಿ ಇರಲಿ. ಅದರ ಅಟೆನ್ಯುವರ್ಟರನ್ನು ಪೂರ್ತಿ ಬಲಕ್ಕೆ ತಿರುಗಿಸಿ. 3ನೇ ಚಾನೆಲ್ಲಿಗೆ ಏನೂ ಚುಚ್ಚದೆ ಅದರ ನಾಬನ್ನು ಎಡಕ್ಕೆ, ಮೈನಸ್ 4 ವೋಲ್ಟ್ ಬರುವಷ್ಟು ತಿರುಗಿಸಿ. ಎಲ್ಲ ಚಾನೆಲ್ಲುಗಳ ಮೊತ್ತ ಬರುವ ಸಮ್ ಎಂಬ ಜ್ಯಾಕಿನಿಂದ ಹೊರಗೆ ತೆಗೆದರೆ ಮೈನಸ್ 4ರಿಂದ ಪ್ಲಸ್ 4. ಇಲ್ಲಿ ಹೊಸಬರು ಜಾರುವುದು ಒಂದೇ ಕಡೆ: 2ನೇ ಚಾನೆಲ್ಲಿನ ನಾಬ್ ಸರಿಯಾಗಿ ನಡುವಿನಲ್ಲಿ ಇಲ್ಲದಿದ್ದರೆ ಅದರ 10 ವೋಲ್ಟಿನ ಆಫ್‌ಸೆಟ್ಟಿನಲ್ಲಿ ಒಂದು ಪಾಲು ಸದ್ದಿಲ್ಲದೆ ಸಮ್ಮಿಗೆ ಸೇರಿಬಿಡುತ್ತದೆ. ಫಿಲ್ಟರ್ ಮುಚ್ಚಿಕೊಳ್ಳುವುದೇ ಇಲ್ಲ ಎಂದರೆ ಮೊದಲು ಆ ನಾಬ್ ನೋಡಿ. ಒಂದು ಚಾನೆಲ್ಲಿನ ಅಟೆನ್ಯುವರ್ಟರ್ ದಾಟಿ ಬರುವ ಔಟ್‌ಪುಟ್ ಜ್ಯಾಕಿಗೆ ಕೇಬಲ್ ಚುಚ್ಚಿದರೆ ಅದು ಸಮ್ಮಿನಿಂದ ಹೊರಬೀಳುತ್ತದೆ ಎಂಬುದನ್ನೂ ನೆನಪಿಡಿ.

ನಿಧಾನದ ವಿಷಯದಲ್ಲಿ ಇದಕ್ಕೆ ಸಾಟಿ ಕಡಿಮೆ. ಹೊರಗಿನ ವೋಲ್ಟೇಜಿನ ನೆರವಿದ್ದರೆ ಒಂದು ಸುತ್ತಿಗೆ 25 ನಿಮಿಷದಷ್ಟು ಎಳೆಯಬಹುದು. ಇತ್ತ ಸೆಕೆಂಡಿಗೆ 1,000 ಸುತ್ತಿನವರೆಗೂ ಓಡುತ್ತದೆ. ತಾಳಕ್ಕೆ ಕೂಡಿಸಲು ಸೈಕಲ್ ಬಂದ್ ಮಾಡಿ ಕ್ಲಾಕನ್ನು ಟ್ರಿಗರ್ (ಶುರು ಮಾಡಿಸುವ ಸಂಕೇತದ) ಇನ್‌ಪುಟ್ಟಿಗೆ ಕೊಡಬೇಕು. ಏರಿಕೆಯ ಹೊತ್ತಿನಲ್ಲಿ ಬಂದ ಟ್ರಿಗರನ್ನು ಅದು ಲೆಕ್ಕಿಸುವುದಿಲ್ಲ, ಇಳಿಯುವಾಗ ಬಂದದ್ದಕ್ಕೆ ಮತ್ತೆ ಏರತೊಡಗುತ್ತದೆ. ಏರಿಕೆಯನ್ನು ಒಂದು ಅಕ್ಷರಕ್ಕಿಂತ ಉದ್ದ ಮಾಡಿದರೆ ಒಂದು ಬಿಟ್ಟು ಒಂದು ಕ್ಲಾಕಿಗೆ ಮಾತ್ರ ಸ್ಪಂದಿಸುತ್ತದೆ. ಈ ಗುಣವನ್ನು ತಿಳಿದವರು ಕ್ಲಾಕ್ ಭಾಗಿಸಲು ಬಳಸುತ್ತಾರೆ, ತಿಳಿಯದವರು ಮಾಡ್ಯೂಲ್ ಕೆಟ್ಟಿದೆ ಎಂದುಕೊಳ್ಳುತ್ತಾರೆ.

ನಿಮ್ಮಲ್ಲಿ ಇನ್ನೂ ಎನ್ವಲಪ್ ಇಲ್ಲದಿದ್ದರೆ ಇದೇ ಸರಿ, ಎರಡು ಮಾಡ್ಯೂಲಿನ ಹಣ ಉಳಿಯುತ್ತದೆ. ಎನ್ವಲಪ್ ಈಗಾಗಲೇ ಇದ್ದು, ಬೇಕಾದ್ದು ನಾಲ್ಕು ಕಡೆ ಮೆಲ್ಲಗೆ ಅಲುಗಾಡಿಸುವ ಅಲೆಗಳಷ್ಟೇ ಆದರೆ 10 ಸೆಂಟಿಮೀಟರ್ ಅಗಲವನ್ನೂ ಸುಮಾರು 300 ಡಾಲರನ್ನೂ ಎರಡೇ ಅಲೆಗೆ ಕೊಡುವುದು ದುಬಾರಿ. ಇದೇ ಜಾತಿಯ, ಸ್ಪೇನಿನ ಬೆಫಾಕೊ ರ‍್ಯಾಂಪೇಜ್ ಬೆಸುಗೆ ಹಾಕಿಕೊಳ್ಳುವ ಕಿಟ್ ಆಗಿಯೂ ಸಿಗುತ್ತದೆ.

ಪಮೇಲಾಸ್ ಪ್ರೊ ವರ್ಕೌಟ್: ಲಯವೇ ಮೊದಲು

ಬ್ರಿಟನ್ನಿನ ಎಎಲ್‌ಎಂ ಮಾಡಿದ ಇದು ಮೂಲತಃ ಕ್ಲಾಕ್. 8 ಎಚ್‌ಪಿಯಲ್ಲಿ ಎಂಟು ಔಟ್‌ಪುಟ್, ಒಂದು ಪುಟ್ಟ ಬಣ್ಣದ ಪರದೆ, ಒತ್ತಿ ತಿರುಗಿಸುವ ನಾಬ್. ಪ್ರತಿ ಔಟ್‌ಪುಟ್ಟೂ ಬಿಪಿಎಂನ ಗುಣಾಕಾರವೋ ಭಾಗಾಕಾರವೋ ಆಗಿ ನಡೆಯುತ್ತದೆ. ಗೇಟ್ (ಆನ್-ಆಫ್ ಸಂಕೇತ), ಟ್ರಯಾಂಗಲ್, ಸೈನ್, ರ‍್ಯಾಂಡಮ್ ಯಾವುದನ್ನಾದರೂ ಕೊಡುತ್ತದೆ. ಮಟ್ಟ, ಆಫ್‌ಸೆಟ್, ಫೇಸ್ ಒಂದೊಂದಕ್ಕೂ ಪ್ರತ್ಯೇಕ. ಜಾಗಕ್ಕೆ ಹೋಲಿಸಿದರೆ ಇಷ್ಟು ಕೊಡುವ ಮಾಡ್ಯೂಲ್ ಬೇರೆ ಸಿಗುವುದು ಕಷ್ಟ.

ಹಾಗಾದರೆ ಎಲ್ಲರೂ ಇದನ್ನೇ ಏಕೆ ಕೊಳ್ಳಬಾರದು? ಕಾರಣ ಕೈ. ಎಂಟು ಅಲೆಗೂ ಒಂದೇ ನಾಬ್. ನುಡಿಸುತ್ತಿರುವಾಗ ಮೂರನೇ ಅಲೆಯ ಆಳ ಸ್ವಲ್ಪ ಕಡಿಮೆ ಮಾಡಬೇಕು ಅನ್ನಿಸಿದರೆ ಔಟ್‌ಪುಟ್ ಆರಿಸಿ, ಒಳಹೊಕ್ಕು, ಮಟ್ಟ ಹುಡುಕಿ, ತಿರುಗಿಸುವಷ್ಟರಲ್ಲಿ ಆ ಗಳಿಗೆ ಕಳೆದಿರುತ್ತದೆ. ಅಲೆಗಳು ಕ್ಲಾಕಿಗೆ ಕಟ್ಟಿಹಾಕಿದವು, ಅದನ್ನು ನಿಲ್ಲಿಸಿದರೆ ಅವೂ ನಿಲ್ಲುತ್ತವೆ. ಔಟ್‌ಪುಟ್ 0ಯಿಂದ 5 ವೋಲ್ಟ್, ಯೂನಿಪೋಲಾರ್; ವಿಸಿಎಗೆ ಹೇಳಿ ಮಾಡಿಸಿದ್ದು, ವೈಬ್ರಾಟೊಗೆ ಶ್ರುತಿಯ ತಕರಾರು.

ಡಿಜಿಟಲ್ ಎಲ್‌ಎಫ್‌ಒ ಯಾವುದೇ ಆಗಲಿ, ಒಂದು ಸೂಕ್ಷ್ಮ ಗೊತ್ತಿರಬೇಕು. 12 ಬಿಟ್ಟಿನ ಮಾಡ್ಯೂಲ್ 10 ವೋಲ್ಟನ್ನು 4,096 ಮೆಟ್ಟಿಲಾಗಿ ಕತ್ತರಿಸುತ್ತದೆ, ಒಂದು ಮೆಟ್ಟಿಲಿಗೆ 2.4 ಮಿಲಿವೋಲ್ಟ್. ಸ್ವರದ ಲೆಕ್ಕದಲ್ಲಿ ಅದು ಸುಮಾರು 3 ಸೆಂಟ್ (ಒಂದು ಸ್ವರಸ್ಥಾನದ ನೂರನೇ ಪಾಲು ಒಂದು ಸೆಂಟ್). ಬಹಳ ನಿಧಾನದ ಅಲೆಯನ್ನು ಸ್ವರಕ್ಕೆ ಕೊಟ್ಟಾಗ ಈ ಮೆಟ್ಟಿಲು ಕೆಲವೊಮ್ಮೆ ಕಿವಿಗೆ ತಾಗುತ್ತದೆ. ಮಾಡ್ಯೂಲಿನ ಒಳಗಿನ ಸೆಟ್ಟಿಂಗಿನಲ್ಲಿ ಮಟ್ಟ ತಗ್ಗಿಸಿದರೆ ಅಲೆ ಚಿಕ್ಕದಾಗುತ್ತದೆ, ಮೆಟ್ಟಿಲು ಅಷ್ಟೇ ಉಳಿಯುತ್ತದೆ. ಹೊರಗಿನ ಅಟೆನ್ಯುಯೇಟರಿನಲ್ಲಿ ತಗ್ಗಿಸಿದರೆ ಅಲೆಯ ಜೊತೆ ಮೆಟ್ಟಿಲೂ ಚಿಕ್ಕದಾಗುತ್ತದೆ. ಸ್ವರಕ್ಕೆ ಹೋಗುವ ಅಲೆಯನ್ನು ಯಾವಾಗಲೂ ಹೊರಗೇ ತಗ್ಗಿಸಿ.

ಟೈಡ್ಸ್

ಫ್ರಾನ್ಸಿನ ಮ್ಯೂಟಬಲ್ ಇನ್‌ಸ್ಟ್ರುಮೆಂಟ್ಸ್ 2022ರಲ್ಲಿ ಬಾಗಿಲು ಮುಚ್ಚಿತು, ಆದರೆ ಅದರ ವಿನ್ಯಾಸಗಳು ಓಪನ್ ಸೋರ್ಸ್. ಹಾಗಾಗಿ ಟೈಡ್ಸ್ ಈಗಲೂ ಬೇರೆಯವರ ಕೈಯಲ್ಲಿ, ಹಲವು ಸಲ ಮೂಲದ 14 ಎಚ್‌ಪಿಗಿಂತ ಕಿರಿದಾಗಿ ತಯಾರಾಗುತ್ತಿದೆ. ಅಲೆಯ ಓರೆ, ಬಾಗು, ನುಣುಪು ಮೂರನ್ನೂ ಬೇರೆ ಬೇರೆ ನಾಬಿನಲ್ಲಿ, ಸಿವಿಯಲ್ಲೂ ಬದಲಿಸಬಹುದು. 2018ರ ಆವೃತ್ತಿಯಲ್ಲಿ ನಂಟಿರುವ ನಾಲ್ಕು ಔಟ್‌ಪುಟ್ ಇವೆ, ಹೊರಗಿನ ಕ್ಲಾಕಿಗೂ ಕೂಡುತ್ತದೆ. ಒಂದೇ ಚಲನೆಯನ್ನು ಕುಸುರಿಯಾಗಿ ಕೆತ್ತಬೇಕು ಎನ್ನುವವರಿಗೆ ಇದು. ಕಿರಿದಾದ ನಕಲು ಕೊಳ್ಳುವವರು ನಾಬುಗಳ ನಡುವೆ ಬೆರಳು ಹೋಗುವಷ್ಟು ಜಾಗ ಇದೆಯೇ ಎಂದು ಫೋಟೊದಲ್ಲಿ ಅಳೆದು ನೋಡಲಿ.

ಕೈಯಾರೆ ಮಾಡಿಕೊಳ್ಳುವುದು

ಬೆಸುಗೆ ಕಲಿಯಬೇಕೆನ್ನುವವರಿಗೆ ಎಲ್‌ಎಫ್‌ಒಗಿಂತ ಒಳ್ಳೆಯ ಮೊದಲ ಕೆಲಸ ಇಲ್ಲ. ವಿಸಿಒ ಹಾಗೆ ಶ್ರುತಿ ಹಿಡಿಯಬೇಕಿಲ್ಲ, ಬಿಸಿಗೆ ಜಾರಿದರೂ ನಷ್ಟವಿಲ್ಲ. ಎರಡು ಆಪ್-ಆಂಪ್ ಒಳಗಿರುವ ಒಂದು ಟಿಎಲ್072 ಐಸಿ ಸಾಕು. ಅದರ ಒಂದು ಅರ್ಧ ಸ್ಮಿಟ್ ಟ್ರಿಗರ್, ಇನ್ನೊಂದು ಅರ್ಧ ಇಂಟಿಗ್ರೇಟರ್. ಟ್ರಿಗರಿನ ಮೈನಸ್ ಇನ್‌ಪುಟ್ ಗ್ರೌಂಡಿಗೆ; ಪ್ಲಸ್ ಇನ್‌ಪುಟ್ಟಿಗೆ ಇಂಟಿಗ್ರೇಟರಿನ ಔಟ್‌ಪುಟ್ಟಿನಿಂದ 100 ಕಿಲೋಓಮ್, ತನ್ನದೇ ಔಟ್‌ಪುಟ್ಟಿನಿಂದ 200 ಕಿಲೋಓಮ್. ಇಂಟಿಗ್ರೇಟರಿನ ಪ್ಲಸ್ ಇನ್‌ಪುಟ್ಟೂ ಗ್ರೌಂಡಿಗೆ. ಅದರ ಮೈನಸ್ ಇನ್‌ಪುಟ್ಟಿಗೂ ಔಟ್‌ಪುಟ್ಟಿಗೂ ನಡುವೆ 1 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್, ಟ್ರಿಗರಿನ ಔಟ್‌ಪುಟ್ಟಿನಿಂದ ಮೈನಸ್ ಇನ್‌ಪುಟ್ಟಿಗೆ 10 ಕಿಲೋಓಮ್ ಮತ್ತು 1 ಮೆಗಾಓಮ್ ಪಾಟ್ ಸಾಲಾಗಿ. ಪ್ಲಸ್ ಮೈನಸ್ 12 ವೋಲ್ಟಿನಲ್ಲಿ ಈ ಐಸಿ ಸುಮಾರು 10.5 ವೋಲ್ಟಿನವರೆಗೆ ತೂಗುವುದರಿಂದ ಟ್ರಯಾಂಗಲ್ ಅದರ ಅರ್ಧ, ಆಚೀಚೆ 5 ವೋಲ್ಟಿನಷ್ಟು ಬರುತ್ತದೆ. ವೇಗ 2 ಸೆಕೆಂಡಿಗೊಂದು ಸುತ್ತಿನಿಂದ ಸೆಕೆಂಡಿಗೆ 50 ಸುತ್ತಿನವರೆಗೆ. ಸ್ವಿಚ್ಚಿನಿಂದ ಇನ್ನೊಂದು 10 ಮೈಕ್ರೋಫ್ಯಾರಡ್ ಸೇರಿಸಿದರೆ ಒಂದು ಸುತ್ತಿಗೆ 20 ಸೆಕೆಂಡಿಗೂ ಮೀರಿ ಇಳಿಯುತ್ತದೆ.

ಎಡವುವುದು ಮೂರು ಕಡೆ. ಆ 10 ಮೈಕ್ರೋಫ್ಯಾರಡ್ಡಿಗೆ ಸಾದಾ ಎಲೆಕ್ಟ್ರೊಲಿಟಿಕ್ ಹಾಕಬೇಡಿ. ಅದರ ಮೇಲೆ ವೋಲ್ಟೇಜ್ ಎರಡೂ ದಿಕ್ಕಿಗೆ ತಿರುಗುತ್ತದೆ, ಬೈಪೋಲಾರ್ ಕೆಪಾಸಿಟರೇ ಬೇಕು. ಲೀನಿಯರ್ ಪಾಟ್ ಹಾಕಿದರೆ ವೇಗದ ಭಾಗವೆಲ್ಲ ನಾಬಿನ ಕೊನೆಯ ಅಂಚಿನಲ್ಲಿ ಒತ್ತಿಕೊಳ್ಳುತ್ತದೆ. ರಿವರ್ಸ್ ಲಾಗ್ ಪಾಟ್ ಸರಿ. ಅದು ಸಿಗದಿದ್ದರೆ ಸಾದಾ ಲಾಗ್ ಪಾಟ್ ಹಾಕಿ, ಎಡಕ್ಕೆ ತಿರುಗಿಸಿದಂತೆ ವೇಗ ಹೆಚ್ಚುವುದನ್ನು ಒಪ್ಪಿಕೊಳ್ಳಿ. ಸ್ಕ್ವೇರ್ ಔಟ್‌ಪುಟ್ 10 ವೋಲ್ಟಿಗೂ ಮೀರಿರುತ್ತದೆ, ಎರಡು 10 ಕಿಲೋಓಮ್ ರೆಸಿಸ್ಟರಿನಿಂದ ಅರ್ಧ ಮಾಡಿ ಹೊರಗೆ ಕೊಡಿ. ಟ್ರಯಾಂಗಲ್ಲಿಗೆ 1 ಕಿಲೋಓಮ್ ಸಾಲಾಗಿರಲಿ, ಐಸಿಯ ಪಕ್ಕ 100 ನ್ಯಾನೋಫ್ಯಾರಡ್ ಕೆಪಾಸಿಟರುಗಳಿರಲಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಐಸಿ, ರೆಸಿಸ್ಟರ್, ಪಾಟ್, 16 ಪಿನ್ನಿನ ಬಾಕ್ಸ್ ಹೆಡರ್ ಎಲ್ಲ ಸಿಗುತ್ತವೆ.

ಯಾರಿಗೆ ಯಾವುದು

ಹಣ ಬಿಗಿ, ಇನ್ನೂ ಕಲಿಯುವ ಹಂತ ಎಂದರೆ ಎ-143-3 ಮತ್ತು ಪವರ್ ಬೇಡದ ಒಂದು ಸಾದಾ ಅಟೆನ್ಯುಯೇಟರ್. ಹೆಚ್ಚಿನವರಿಗೆ ಈ ಜೋಡಿಯೇ ಸರಿ ಎಂಬುದು ಈ ಬರಹದ ನಿಲುವು. ಮುಂದೆ ಎಷ್ಟೇ ದೊಡ್ಡ ಮಾಡ್ಯೂಲ್ ಬಂದರೂ ಇವೆರಡು ಮೂಲೆಗೆ ಬೀಳುವುದಿಲ್ಲ. ಎನ್ವಲಪ್ ಕೂಡ ಇಲ್ಲದವರಿಗೆ ಮ್ಯಾಥ್ಸ್. ಡ್ರಮ್ಮು, ಸ್ವರಗಳನ್ನು ಹೆಜ್ಜೆ ಹೆಜ್ಜೆಯಾಗಿ ನುಡಿಸುವ ಸೀಕ್ವೆನ್ಸರ್ ಕಟ್ಟಿಕೊಂಡು ಲಯದ ಮೇಲೆ ಹೋಗುವವರಿಗೆ, ಇನ್ನೂ ಕ್ಲಾಕ್ ಇಲ್ಲದವರಿಗೆ ಪಮೇಲಾ. ಶ್ರುತಿ ಹಿಡಿದಂತೆ ಉದ್ದಕ್ಕೆ ನಿಲ್ಲುವ ದನಿಗಳನ್ನು ಗಂಟೆಗಟ್ಟಲೆ ಬಣ್ಣ ಬದಲಿಸುತ್ತಾ ನಡೆಸುವವರಿಗೆ ಬಟೂಮಿ. ಟೈಡ್ಸ್ ಎರಡನೇ ಎಲ್‌ಎಫ್‌ಒ ಆಗಿ ಬರಲಿ.

ಹೊರದೇಶದಿಂದ ತರಿಸುವವರು ಅಂಗಡಿಯ ಬೆಲೆಯನ್ನು ನೋಡಿ ಹೋಲಿಸಬೇಡಿ. ಸಾಗಣೆ, ಕಸ್ಟಮ್ಸ್ ಸುಂಕ, ಜಿಎಸ್‌ಟಿ, ಕೊರಿಯರಿನವರ ನಿರ್ವಹಣಾ ಶುಲ್ಕ ಎಲ್ಲ ಸೇರಿ ಮನೆ ಬಾಗಿಲಿಗೆ ಎಷ್ಟಾಗುತ್ತದೆ ಎಂಬುದೇ ನಿಜವಾದ ಬೆಲೆ. ಎಲ್‌ಎಫ್‌ಒ, ಅಟೆನ್ಯುಯೇಟರ್ ಎರಡನ್ನೂ ಒಂದೇ ಪಾರ್ಸೆಲ್ಲಿನಲ್ಲಿ ತರಿಸಿದರೆ ಸಾಗಣೆ ಮತ್ತು ಶುಲ್ಕ ಒಂದೇ ಸಲ ಬೀಳುತ್ತದೆ.

ಪಾರ್ಸೆಲ್ ಬಂದ ದಿನ ಅವಸರ ಬೇಡ. ಕೇಸಿನ ಪವರ್ ತೆಗೆದು, ರಿಬ್ಬನ್ ಕೇಬಲ್ಲಿನ ಕೆಂಪು ಗೆರೆ ಎರಡೂ ತುದಿಯಲ್ಲಿ ಮೈನಸ್ 12 ಎಂದು ಬರೆದ ಕಡೆಗೇ ಇದೆಯೇ ನೋಡಿ. ಉಲ್ಟಾ ಹಾಕಿದರೆ ರಕ್ಷಣೆಯ ಡಯೋಡ್ ಇಲ್ಲದ ಮಾಡ್ಯೂಲಿನ ಐಸಿಗಳು ಸುಟ್ಟುಹೋಗಬಹುದು. ಪವರ್ ಹಾಕಿದ ಮೇಲೆ ಮೊದಲು ಎಲ್‌ಇಡಿ ನೋಡಿ, ಆಮೇಲೆ ಟ್ರಯಾಂಗಲ್ ಔಟ್‌ಪುಟ್ಟನ್ನು ಫಿಲ್ಟರಿನ ಸಿವಿ ಇನ್‌ಪುಟ್ಟಿಗೆ, ಅಲ್ಲಿನ ನಾಬ್ ಸೊನ್ನೆಯಲ್ಲಿಟ್ಟು ಚುಚ್ಚಿ, ಮೆಲ್ಲಗೆ ಏರಿಸಿ. ಏನೂ ಕೇಳದಿದ್ದರೆ ಫಿಲ್ಟರ್ ಎಷ್ಟು ತೆರೆದಿರಬೇಕು ಎಂದು ಇಡುವ ಕಟಾಫ್ ನಾಬ್ ನಡುವಿನಲ್ಲಿದೆಯೇ ನೋಡಿ; ಪೂರ್ತಿ ತೆರೆದ ಫಿಲ್ಟರಿನಲ್ಲಿ ಅಲೆಯ ಮೇಲಿನ ಅರ್ಧ ಕೇಳಿಸುವುದೇ ಇಲ್ಲ. ಸೀಕ್ವೆನ್ಸರನ್ನು ಎಲ್‌ಎಫ್‌ಒದಿಂದ ನಡೆಸುವಾಗ ಸ್ಕ್ವೇರನ್ನೇ ಕೊಡಿ. ನಿಧಾನದ ಸೈನ್ ಗೇಟಿನ ಹೊಸ್ತಿಲನ್ನು ದಾಟಲು ಹೊತ್ತು ತೆಗೆದುಕೊಳ್ಳುವುದರಿಂದ ಕೆಲವು ಸೀಕ್ವೆನ್ಸರುಗಳು ಒಂದೇ ಸುತ್ತಿಗೆ ಎರಡು ಹೆಜ್ಜೆ ಇಡುತ್ತವೆ.